ಐದು ಜನಕ್ಕೆ ಮೂರು ಬಟ್ಟಲು

ಚೀನಾದ ಶೆನ್‌ಝೆನ್‌ನಲ್ಲಿ ಕೆಲಸ ಮುಗಿದ ಮೇಲೆ ಎರಡು ದಿನ ಬಿಡುವಿತ್ತು. ಚಹಾ ಕುಡಿಯೋಕೆ ಅಂತಲೇ ಚಾವೊಝೌಗೆ ಹೊರಟೆ. ಅದೇ ಊರಿನ ಸಹೋದ್ಯೋಗಿ ಜೊತೆಗೆ ಬಂದ. ರೈಲಿನಲ್ಲಿ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ದಾರಿ.

ಹಳೇ ಪೇಟೆಯ ಕಲ್ಲಿನ ಕಮಾನುಗಳ ಬೀದಿಯಲ್ಲಿ ಯಾವ ಅಂಗಡಿಗೆ ಇಣುಕಿದರೂ ಒಂದು ಚಹಾ ತಟ್ಟೆ ಕಾಣುತ್ತದೆ. ಚಪ್ಪಲಿ ಅಂಗಡಿಯಲ್ಲೂ, ಔಷಧಿ ಅಂಗಡಿಯಲ್ಲೂ. ಚಹಾ ಎಲೆಗೆ ಇಲ್ಲಿನವರು 'ಚಹಾ ಅಕ್ಕಿ' ಅನ್ನುತ್ತಾರೆ. ಮನೆಯಲ್ಲಿ ಅಕ್ಕಿ ಇರಬೇಕು, ಇದೂ ಇರಬೇಕು, ಅಷ್ಟೇ. ಚಹಾವನ್ನು ಇವರು ಕುಡಿಯುವುದಿಲ್ಲ, 'ತಿನ್ನುತ್ತಾರೆ'. ಅವರ ಮಾತಿನಲ್ಲಿ ಚಹಾಕ್ಕೆ 'ತೇ'. ಪಕ್ಕದ ಫುಜಿಯಾನ್ ಕರಾವಳಿಯ ಇದೇ 'ತೇ' ಡಚ್ ವ್ಯಾಪಾರಿಗಳ ಜೊತೆ ಯೂರೋಪಿಗೆ ಹೋಗಿ, ಇಂಗ್ಲಿಷಿನವರ ಕೈಯಿಂದ ನಮ್ಮಲ್ಲಿಗೆ 'ಟೀ' ಆಗಿ ಬಂತು. ನಮ್ಮ 'ಚಹಾ' ಚೀನಾದ ಬೇರೆ ಕಡೆಯ 'ಚಾ'ದಿಂದ ಬಂದಿದ್ದು. ಒಂದೇ ಎಲೆಯ ಎರಡೂ ಹೆಸರು ನಮ್ಮ ಬಾಯಲ್ಲಿವೆ ಅನ್ನೋದು ಅಲ್ಲಿ ಕೂತಾಗ ತುಂಬ ಖುಷಿ ಕೊಟ್ಟಿತು.

ಸಹೋದ್ಯೋಗಿಯ ಅಕ್ಕ, ಭಾವನೂ ಸೇರಿಕೊಂಡರು. ಅವರ ಪರಿಚಯದ ಚಹಾ ಅಂಗಡಿಗೆ ಹೋದೆವು. ಅಂಗಡಿಯ ಹಿರಿಯರೂ ಸೇರಿ ಐದು ಜನ. ತಟ್ಟೆಯ ಮೇಲೆ ಮಾತ್ರ ಮೂರೇ ಬಟ್ಟಲು, ಒಂದೊಂದೂ ಅಡಿಕೆಗಿಂತ ಸ್ವಲ್ಪ ದೊಡ್ಡದು. ಇನ್ನೆರಡು ತರುತ್ತಾರೆ ಅಂತ ಕಾದೆ. ತರಲಿಲ್ಲ.

ಅವರು ಮುಚ್ಚಳದ ಬಟ್ಟಲಿಗೆ ಕತ್ತಿನವರೆಗೂ ಎಲೆ ತುಂಬಿದರು. ಫಿನಿಕ್ಸ್ ಬೆಟ್ಟದ ಡಾನ್‌ಕಾಂಗ್ ಊಲಾಂಗ್, ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವಿನದು. ಅದರಲ್ಲೂ 'ಬಾತುಕೋಳಿ ಹಿಕ್ಕೆ' ಅನ್ನುವ ಬಗೆ. ಒಳ್ಳೆ ಗಿಡವನ್ನು ಯಾರೂ ಕದಿಯದಿರಲಿ ಅಂತ ರೈತನೊಬ್ಬ ಹಾಗೆ ಹೆಸರಿಟ್ಟ ಅನ್ನುವ ಕಥೆಯಿದೆ. ಪರಿಮಳ ಮಾತ್ರ ಮಲ್ಲಿಗೆ ದಂಡೆ ಬಿಚ್ಚಿದ ಹಾಗೆ. ಮೊದಲ ನೀರನ್ನು ಚೆಲ್ಲಿದರು. ಎರಡನೆಯದನ್ನು ಕೆಲವೇ ಸೆಕೆಂಡು ಬಿಟ್ಟು, ಮೂರೂ ಬಟ್ಟಲ ಮೇಲೆ ಕೈ ಸುತ್ತಿಸುತ್ತಾ ಸುರಿದರು. ಇದಕ್ಕೆ 'ಗುವಾನ್ ಯು ಸೇನಾಪತಿ ಊರ ಸುತ್ತ ಗಸ್ತು ಹೊಡೆಯೋದು' ಅಂತ ಹೆಸರು. ಕೊನೆಯ ಗಟ್ಟಿ ಹನಿಗಳನ್ನು ಟಪ್, ಟಪ್ ಅಂತ ಒಂದೊಂದಕ್ಕೂ ಸಮನಾಗಿ ಹಂಚೋದು 'ಹಾನ್ ಶಿನ್ ಸೇನಾಪತಿ ಸೈನಿಕರನ್ನು ಎಣಿಸೋದು'. ಯಾರ ಪಾಲಿಗೂ ಸಪ್ಪೆ ಬರಬಾರದು, ಅದಕ್ಕೇ ಇಷ್ಟು ಜೋಪಾನ.

ಮೊದಲ ಬಟ್ಟಲು ನನಗೆ. ಉಳಿದೆರಡರ ಮುಂದೆ ನಾಲ್ವರದೂ 'ನೀನು ತಗೋ, ನೀವು ತಗೊಳ್ಳಿ'. ಕೊನೆಗೆ ಅಕ್ಕ, ಭಾವ ತಗೊಂಡರು. ಕುಡಿದಿಟ್ಟ ಬಟ್ಟಲನ್ನು ಹಿರಿಯರು ಕುದಿನೀರಲ್ಲಿ ಇನ್ನೊಂದರ ಮೇಲೆ ಉರುಳಿಸಿ ತೊಳೆದರು. ಗಿಣಿಗಿಣಿ ಸದ್ದು. ಮತ್ತೆ ಸುರಿದರು. ಈ ಸಲ ನಾನೂ 'ನೀವು ತಗೊಳ್ಳಿ' ಅಂತ ಕೈ ತೋರಿಸಿದೆ. ಎಲ್ಲರೂ ನಕ್ಕರು. ಐದು ಬಟ್ಟಲಿದ್ದರೆ ಈ ಮಾತೇ ಹುಟ್ಟುತ್ತಿರಲಿಲ್ಲ ಅಲ್ವಾ?

2022ರಲ್ಲಿ ಚೀನಾದ ಚಹಾ ಪದ್ಧತಿಗಳು ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿದವು. ಹೀಗೆ ಜೋಪಾನವಾಗಿ ಸುರಿದು ಕೊಡುವ ಚಾವೊಝೌನ ಪದ್ಧತಿ, 'ಗಾಂಗ್‌ಫು ಚಹಾ' ಕೂಡ ಅದರಲ್ಲಿದೆ.

ನಾಲ್ಕನೇ ಸುತ್ತಿನ ಹೊತ್ತಿಗೆ ಪಾರ್ಸೆಲ್ ಹುಡುಗನೊಬ್ಬ ಹೆಲ್ಮೆಟ್ ಹಾಕಿಕೊಂಡೇ ಒಳಗೆ ಬಂದ. ಹಿರಿಯರು ಎಲೆಯನ್ನೆಲ್ಲ ಚೆಲ್ಲಿಬಿಟ್ಟರು. ಅದರಲ್ಲಿನ್ನೂ ರುಚಿಯಿತ್ತು, ನನಗೆ ಹೊಟ್ಟೆ ಉರಿಯಿತು. "ಹೊಸಬರು ಬಂದಾಗ ಹಳೇ ಎಲೆಯ ಚಹಾ ಕೊಡಬಾರದು" ಅಂದ ಸಹೋದ್ಯೋಗಿ. ಹಿರಿಯರು ಹೊಸ ಪೊಟ್ಟಣ ಬಿಚ್ಚಿದರು. ಹುಡುಗ ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತ. ಮೊದಲ ಬಟ್ಟಲು ಅವನ ಮುಂದೆ ಬಂತು.