‘ಬರೀ ಸಿಮ್ಯುಲೇಶನ್ ತಾನೇ?’ ಎಂದು ಕೇಳುವವರಿಗೆ

ಲೋಹಗಳು ಹೇಗೆ ಬಾಗುತ್ತವೆ, ಯಾವಾಗ ಬಿರಿಯುತ್ತವೆ ಎಂಬುದನ್ನು ನಾನು ಸಿದ್ಧಾಂತ ಮತ್ತು ಕಂಪ್ಯೂಟರ್ ಲೆಕ್ಕಗಳ ಮೂಲಕ ಅಧ್ಯಯನ ಮಾಡುತ್ತೇನೆ. ಇದನ್ನು ಹೇಳಿದ ಕೂಡಲೇ ಎದುರಿನವರು ಕೇಳುವುದು ಒಂದೇ: ‘ಹಾಗಾದರೆ ಲ್ಯಾಬ್ ಇಲ್ಲವೇ? ಬರೀ ಸಿಮ್ಯುಲೇಶನ್ ತಾನೇ?’ ಮದುವೆಮನೆಯ ಪಂಕ್ತಿಯಲ್ಲಿ, ರೈಲಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತಿದ್ದಾಗಲೂ ಈ ಪ್ರಶ್ನೆ ಬಂದಿದೆ. ಹೇಳಿ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ.

ನನ್ನ ತಕರಾರು ‘ಬರೀ’ ಎಂಬ ಆ ಎರಡಕ್ಷರದ ಮೇಲೆ. ಗ್ರಹಣದ ಹೊತ್ತನ್ನು ಪಂಚಾಂಗದಲ್ಲಿ ನೋಡಿ ಬೇಗ ಅಡುಗೆ ಮುಗಿಸುವವರು ಯಾರೂ ‘ಅದು ಬರೀ ಲೆಕ್ಕ ತಾನೇ’ ಎನ್ನುವುದಿಲ್ಲ. ಆಕಾಶದ ಲೆಕ್ಕವನ್ನು ಅಷ್ಟು ನಂಬುವ ನಾವು, ತಾಮ್ರದೊಳಗಿನ ಲೆಕ್ಕ ಎಂದಾಗ ಮಾತ್ರ ಏಕೆ ಮುಖ ಸಿಂಡರಿಸಬೇಕು?

ಎರಡು ವರ್ಷಗಳ ಹಿಂದೆ ದಾವಣಗೆರೆಯಲ್ಲಿ ನಮ್ಮ ಮನೆಯವರದೊಂದು ಗೃಹಪ್ರವೇಶವಿತ್ತು. ಮೂವತ್ತು ವರ್ಷ ಲೇತ್ ನಡೆಸಿದ ನನ್ನ ಚಿಕ್ಕಪ್ಪ ಊಟವಾದ ಮೇಲೆ ಎಲ್ಲರೆದುರು ಕೇಳಿದರು: ‘ಅಲ್ಲಪ್ಪಾ, ಒಂದು ತಂತೀನೂ ಕೈಯಾಗ ಹಿಡೀದೆ ಲೋಹದ ಮೇಲೆ ಸಂಶೋಧನೆ ಮಾಡ್ತೀನಿ ಅಂದ್ರೆ ಹೆಂಗೋ?’ ಸುತ್ತಲಿದ್ದವರು ನಕ್ಕರು. ನನಗೆ ಸಿಟ್ಟು ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಮೂಲೆಯಲ್ಲಿ ವೈರಿಂಗ್‌ನವರು ಬಿಟ್ಟುಹೋಗಿದ್ದ ದಪ್ಪ ತಾಮ್ರದ ತಂತಿಯ ತುಂಡಿತ್ತು. ಅದನ್ನು ನಡುವೆ ಬಾಗಿಸಿ ಅವರ ಕೈಗಿತ್ತು, ‘ಬಗ್ಗಿದ ಜಾಗದಲ್ಲೇ ನೆಟ್ಟಗೆ ಮಾಡಿ ಚಿಕ್ಕಪ್ಪ’ ಎಂದೆ. ಅವರ ಬೆರಳುಗಳು ಈಗಲೂ ಬಲವಾಗಿವೆ. ಆದರೂ ಬಾಗಿದ ಭಾಗ ಹಾಗೆಯೇ ಉಳಿದು, ಅದರ ಅಕ್ಕಪಕ್ಕ ತಂತಿ ಹೊಸದಾಗಿ ಮಣಿದು ಹಾವಿನಂತೆ ಡೊಂಕಾಯಿತು. ‘ಬಗ್ಗಿದ ಕಡೆ ಬಿರುಸಾಗ್ತದೆ. ಕೆಂಪಗೆ ಕಾಯ್ಸಿದ್ರೆ ಮತ್ತೆ ಮೆತ್ತಗೆ ಹದಕ್ಕೆ ಬರ್ತದೆ’ ಎಂದು ಅವರೇ ವಿವರಿಸಿದರು. ಏಕೆ ಎಂದು ಕೇಳಿದೆ. ‘ಅದು ಅದರ ಗುಣ’ ಎಂದರು.

ನಾವು ಬಿಚ್ಚಿ ನೋಡಲು ಹೊರಟಿರುವುದು ಆ ಗುಣವನ್ನೇ. ತಾಮ್ರದ ಸ್ಫಟಿಕದಲ್ಲಿ ಪರಮಾಣುಗಳು ಪದರ ಪದರವಾಗಿ ಜೋಡಿಸಿಕೊಂಡಿರುತ್ತವೆ. ತಂತಿ ಬಾಗುವುದೆಂದರೆ ಪದರದ ಮೇಲೆ ಪದರ ಜಾರುವುದು. ಇಡೀ ಪದರ ಒಟ್ಟಿಗೆ ಜಾರಲು ಎಷ್ಟು ಬಲ ಬೇಕೆಂದು 1926ರಲ್ಲಿ ಭೌತವಿಜ್ಞಾನಿ ಯಾಕೊವ್ ಫ್ರೆಂಕೆಲ್ ಲೆಕ್ಕ ಹಾಕಿದರು. ಶುದ್ಧ ಲೋಹದ ಸ್ಫಟಿಕಗಳು ವಾಸ್ತವದಲ್ಲಿ ಅದರ ಸಾವಿರದಲ್ಲೊಂದು ಪಾಲಿಗೂ ಕಡಿಮೆ ಬಲಕ್ಕೆ ಮಣಿಯುತ್ತಿದ್ದವು. ಇಷ್ಟು ದೊಡ್ಡ ಅಂತರವನ್ನು ಅಳತೆಯ ದೋಷವೆಂದು ತಳ್ಳಿಹಾಕಲಾಗದು. 1934ರಲ್ಲಿ ಜೆಫ್ರಿ ಟೇಲರ್, ಎಗೊನ್ ಒರೊವಾನ್ ಮತ್ತು ಮೈಕೆಲ್ ಪೊಲಾನ್ಯಿ ಬೇರೆ ಬೇರೆ ಲೇಖನಗಳಲ್ಲಿ ಒಂದೇ ಉತ್ತರಕ್ಕೆ ಬಂದರು: ಪದರ ಒಟ್ಟಿಗೆ ಜಾರುವುದಿಲ್ಲ, ಅದರೊಳಗಿನ ಒಂದು ದೋಷದ ಗೆರೆ ಈ ತುದಿಯಿಂದ ಆ ತುದಿಗೆ ಸಾಗುತ್ತದೆ. ನೆಲಕ್ಕೆ ಹಾಸಿದ ದೊಡ್ಡ ಜಮಖಾನವನ್ನು ಸರಿಸಬೇಕಾದಾಗ ಅಂಚಿನಲ್ಲೊಂದು ಸುಕ್ಕು ಎಬ್ಬಿಸಿ ಅದನ್ನು ಕಾಲಿನಿಂದ ಒತ್ತುತ್ತ ಇನ್ನೊಂದು ಅಂಚಿಗೆ ತಳ್ಳುತ್ತೇವಲ್ಲ, ಹಾಗೆ. ಆ ಸುಕ್ಕಿನ ಹೆಸರು ಡಿಸ್ಲೊಕೇಶನ್. ತಂತಿಯನ್ನು ಬಾಗಿಸಿದಾಗ ಇಂಥ ಸುಕ್ಕುಗಳು ಹೆಚ್ಚಿ, ಒಂದಕ್ಕೊಂದು ತೊಡಕಿಕೊಂಡು ಚಲಿಸಲಾರದೆ ನಿಲ್ಲುತ್ತವೆ. ಚಿಕ್ಕಪ್ಪ ಹೇಳಿದ ಬಿರುಸು ಅದೇ. ಕಾಯಿಸಿದಾಗ ಪರಮಾಣುಗಳು ಹೊಸದಾಗಿ ಜೋಡಿಸಿಕೊಂಡು ತೊಡಕು ಬಹುಮಟ್ಟಿಗೆ ಅಳಿಯುತ್ತದೆ.

ಆ ಮೂವರು ಇದನ್ನು ಬರೆದಾಗ ಡಿಸ್ಲೊಕೇಶನ್ ಎಂಬುದನ್ನು ಯಾರೂ ಕಂಡಿರಲಿಲ್ಲ. ಕೇಂಬ್ರಿಜ್‌ನಲ್ಲಿ ಹಿರ್ಷ್, ಹಾರ್ನ್ ಮತ್ತು ವೀಲನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ತೆಳುವಾದ ಅಲ್ಯೂಮಿನಿಯಂ ಹಾಳೆಯಲ್ಲಿ ಆ ಗೆರೆಗಳು ಸರಿದಾಡುವುದನ್ನು ನೋಡಿದ್ದು 1956ರಲ್ಲಿ, ಅಂದರೆ 22 ವರ್ಷಗಳ ನಂತರ. ಪ್ರಯೋಗಕ್ಕಿಂತ ಲೆಕ್ಕ ದೊಡ್ಡದೆಂದು ಸಾಧಿಸಲು ನಾನಿದನ್ನು ಹೇಳುತ್ತಿಲ್ಲ. ಟೇಲರ್ ಸ್ವತಃ ಅಲ್ಯೂಮಿನಿಯಂ ಸ್ಫಟಿಕಗಳನ್ನು ಎಳೆದು ಅಳೆದವರು. ಆದರೆ ಕಾಣದ್ದನ್ನು ಹೀಗಿರಲೇಬೇಕೆಂದು ಹೇಳಿ, ಎಲ್ಲಿ ಹುಡುಕಬೇಕೆಂದು ತೋರಿಸಿದ್ದು ಲೆಕ್ಕ. ಅದನ್ನು ‘ಬರೀ’ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕಂಪ್ಯೂಟರ್ ಈ ದಾರಿಗೆ ಸೇರಿಕೊಂಡದ್ದು ಆಮೇಲೆ. ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್ 1964ರಲ್ಲಿ ಅಮೆರಿಕದ ಆರ್ಗಾನ್ (Argonne) ಎಂಬ ಊರ ಹೆಸರಿನ ಪ್ರಯೋಗಾಲಯದಲ್ಲಿ ದ್ರವರೂಪದ ಆರ್ಗಾನ್ ಅನಿಲದ 864 ಪರಮಾಣುಗಳ ಚಲನೆಯನ್ನು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕಿ, ಫಲಿತಾಂಶವನ್ನು ಪ್ರಯೋಗದ ಅಳತೆಗಳೊಂದಿಗೆ ಹೋಲಿಸಿದರು. ನಾನು ಮಾಡುವುದು ಅದೇ ಕುಲದ ಕೆಲಸ. ಪ್ರತಿ ಬದಿ 10 ನ್ಯಾನೊಮೀಟರ್ ಇರುವ ತಾಮ್ರದ ಘನದಲ್ಲಿ ಸುಮಾರು 85,000 ಪರಮಾಣುಗಳಿರುತ್ತವೆ. ಪ್ರತಿಯೊಂದರ ಮೇಲೂ ನೆರೆಯವು ಹೇರುವ ಬಲವನ್ನು ಲೆಕ್ಕ ಹಾಕಿ, ಒಂದು ಫೆಮ್ಟೊಸೆಕೆಂಡಿನಷ್ಟು, ಅಂದರೆ ಸೆಕೆಂಡನ್ನು ಕೋಟಿ ಕೋಟಿ ಭಾಗ ಮಾಡಿ ಅದರಲ್ಲೊಂದನ್ನು ಮತ್ತೆ ಹತ್ತು ಭಾಗ ಮಾಡಿದಷ್ಟು, ಮುಂದೆ ಸರಿಸಿ, ಪುನಃ ಬಲಗಳನ್ನು ಲೆಕ್ಕ ಹಾಕಬೇಕು. ಒಂದು ನ್ಯಾನೊಸೆಕೆಂಡಿಗೆ ಹತ್ತು ಲಕ್ಷ ಹೆಜ್ಜೆಗಳು. ಹೆಜ್ಜೆಯೊಂದಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗ ಹಿಡಿದರೂ, ಲೋಹದ ಒಂದು ಸೆಕೆಂಡಿನ ಬದುಕನ್ನು ಲೆಕ್ಕ ಹಾಕಲು 31,000 ವರ್ಷಗಳಿಗಿಂತ ಹೆಚ್ಚು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗದಂಥ 3.3 ಪೆಟಾಫ್ಲಾಪ್ (ಸೆಕೆಂಡಿಗೆ ಸುಮಾರು 33 ಕೋಟಿ ಕೋಟಿ ಲೆಕ್ಕ) ಸೂಪರ್‌ಕಂಪ್ಯೂಟರಿನಲ್ಲಿ ಪರಮಾಣುಗಳನ್ನು ಎಷ್ಟೋ ಹೆಚ್ಚಿಸಬಹುದು. ಕಾಲವನ್ನು ಹಿಗ್ಗಿಸುವುದು ಮಾತ್ರ ಕಷ್ಟ, ಏಕೆಂದರೆ ಮೊದಲ ಹೆಜ್ಜೆ ಮುಗಿಯದೆ ಎರಡನೆಯದನ್ನು ಇಡಲಾಗದು. ಹಾಗಾಗಿ ನಮ್ಮ ಲೆಕ್ಕದ ತಾಮ್ರವನ್ನು ನಿಜವಾದ ತಾಮ್ರಕ್ಕಿಂತ ಕೋಟ್ಯಂತರ ಪಟ್ಟು ವೇಗವಾಗಿ ಎಳೆಯಬೇಕಾಗುತ್ತದೆ. ಈ ಕೊರತೆ ನಿಜವಾದದ್ದು, ನಾವು ಅದನ್ನು ಮುಚ್ಚಿಡುವುದಿಲ್ಲ.

ಲ್ಯಾಬ್ ಉಂಟೇ ಎಂದು ಕೇಳುವ ಬದಲು ‘ನಿನ್ನ ಲೆಕ್ಕ ತಪ್ಪಾಗಿದ್ದರೆ ನಿನಗೆ ಹೇಗೆ ಗೊತ್ತಾಗುತ್ತದೆ?’ ಎಂದು ಯಾರಾದರೂ ಕೇಳಿದ್ದರೆ ನಾನು ಊಟ ಬಿಟ್ಟು ಉತ್ತರಿಸುತ್ತಿದ್ದೆ. ಚಿಕ್ಕಪ್ಪ ಬೋಲ್ಟನ್ನು ತಪ್ಪು ಅಳತೆಗೆ ಕೊರೆದರೆ ನಟ್ಟು ಕೂರುವುದಿಲ್ಲ, ಅಲ್ಲಿಗೆ ತೀರ್ಮಾನವಾಯಿತು. ನನ್ನ ಕಂಪ್ಯೂಟರ್ ಮಾತ್ರ ತಪ್ಪು ಉತ್ತರವನ್ನೂ ಸರಿ ಉತ್ತರದಷ್ಟೇ ನೀಟಾಗಿ ಕೊಡುತ್ತದೆ. ಆದ್ದರಿಂದ ನಮ್ಮ ದಿನದ ಬಹುಪಾಲು ಕಳೆಯುವುದು ನಮ್ಮನ್ನೇ ಅನುಮಾನಿಸುವುದರಲ್ಲಿ. ನಾವು ಬಳಸಿದ ಬಲದ ಸೂತ್ರದಲ್ಲಿ ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕರಗುತ್ತದೆಯೇ? ಹೊರಗಿನಿಂದ ಏನೂ ಸೇರದಿದ್ದಾಗ ಒಟ್ಟು ಶಕ್ತಿ ಬದಲಾಗದೆ ಉಳಿಯುತ್ತದೆಯೇ? ಹೆಜ್ಜೆಯನ್ನು ಮಿತಿಮೀರಿ ಉದ್ದ ಮಾಡಿದರೆ ಪರಮಾಣುಗಳು ಒಂದರೊಳಗೊಂದು ನುಗ್ಗಿ, ಶಕ್ತಿ ಹುಚ್ಚುಹುಚ್ಚಾಗಿ ಏರಿ, ಸ್ಫಟಿಕವೇ ಚೆಲ್ಲಾಪಿಲ್ಲಿಯಾಗುತ್ತದೆ. ಅಂಥ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಭಯವಿಲ್ಲ.

ಭಯ ಹುಟ್ಟಿಸುವುದು ಸದ್ದಿಲ್ಲದ ತಪ್ಪು. ಒಮ್ಮೆ ವಿರುದ್ಧ ಚಿಹ್ನೆಯ, ಅಂದರೆ ಒಂದರ ಸುಕ್ಕು ಮೇಲ್ಮುಖ, ಇನ್ನೊಂದರದು ಕೆಳಮುಖ ಎನ್ನಬಹುದಾದ ಎರಡು ಡಿಸ್ಲೊಕೇಶನ್‌ಗಳು ಎಷ್ಟು ಬಲದಿಂದ ಒಂದನ್ನೊಂದು ಸೆಳೆಯುತ್ತವೆಂದು ಅಳೆಯುತ್ತಿದ್ದೆ. ಲೆಕ್ಕದ ತಾಮ್ರವನ್ನು ತುಂಬಿದ ನಮ್ಮ ಪೆಟ್ಟಿಗೆಯ ಬಲಬದಿಯ ಗೋಡೆಯಿಂದ ಹೊರಹೋದದ್ದು ಎಡಗೋಡೆಯಿಂದ ಒಳಬರುವಂತೆ ನಿಯಮವಿಟ್ಟಿರುತ್ತೇವೆ, ಪುಟ್ಟ ತುಂಡು ಕೊನೆಯಿಲ್ಲದ ಲೋಹದಂತೆ ವರ್ತಿಸಲೆಂದು. ಅದರ ಬೆಲೆಯೆಂದರೆ ಪ್ರತಿ ಡಿಸ್ಲೊಕೇಶನ್‌ಗೂ ಪಕ್ಕದ ಪೆಟ್ಟಿಗೆಗಳಲ್ಲಿ ಅದರದೇ ಪ್ರತಿಗಳು ಹುಟ್ಟಿಕೊಳ್ಳುವುದು. ಫಲಿತಾಂಶ ಅಂದವಾಗಿ ಬಂತು, ಮೂರು ವಾರ ಸಂತೋಷದಲ್ಲಿ ಲೇಖನ ಬರೆದೆ. ಜೊತೆಗಾರರೊಬ್ಬರ ಮಾತಿಗೆ ಪೆಟ್ಟಿಗೆಯನ್ನು ಎರಡು ಪಟ್ಟು ಮಾಡಿ ನೋಡಿದರೆ ಸೆಳೆತ ಕಾಲು ಭಾಗದಷ್ಟು ಬದಲಾಗಿತ್ತು. ನಾನು ಅಳೆದಿದ್ದ ಬಲದಲ್ಲಿ ಆ ಪ್ರತಿಗಳ ಎಳೆತವೂ ಸೇರಿತ್ತು. ಡಿಸ್ಲೊಕೇಶನ್‌ನ ಪ್ರಭಾವ ದೂರ ಇಮ್ಮಡಿಯಾದರೂ ಅರ್ಧಕ್ಕಷ್ಟೇ ಇಳಿಯುತ್ತದೆ ಎಂಬುದು ನನಗೆ ಪಠ್ಯದಲ್ಲಿ ಗೊತ್ತಿತ್ತು, ಪೆಟ್ಟಿಗೆ ಕಟ್ಟುವಾಗ ನೆನಪಿರಲಿಲ್ಲ. ಲೇಖನವನ್ನು ಕಳಿಸದೆ ಎಲ್ಲವನ್ನೂ ಮೊದಲಿನಿಂದ ಮಾಡಿದೆ.

ಅಂದಿನಿಂದ ಯಾವ ಲೇಖನ ಬರೆದರೂ ನಾಲ್ಕು ಗಾತ್ರದ ಪೆಟ್ಟಿಗೆಗಳ ಫಲಿತಾಂಶವನ್ನು ಅಕ್ಕಪಕ್ಕದಲ್ಲಿಟ್ಟ ಒಂದು ಕೋಷ್ಟಕವನ್ನು ಸೇರಿಸುತ್ತೇನೆ. ಓದುವವರಲ್ಲಿ ಬಹುಮಂದಿ ಅದನ್ನು ದಾಟಿ ಚಿತ್ರಗಳಿಗೆ ಹೋಗುತ್ತಾರೆ. ಚಿಕ್ಕಪ್ಪನ ಕೈಗೆ ಕೊಟ್ಟರೆ ಅವರು ಮೊದಲು ಕಣ್ಣಾಡಿಸುವುದು ಅಲ್ಲಿಗೇ ಎಂದು ನನ್ನ ನಂಬಿಕೆ; ಮೈಕ್ರೋಮೀಟರ್ ಹಿಡಿದು ಎರಡು ಸಲ ಅಳೆಯದ ಯಾವ ತುಂಡನ್ನೂ ಅವರು ತಮ್ಮ ಲೇತಿನಿಂದ ಹೊರಗೆ ಬಿಟ್ಟವರಲ್ಲ.