ಬೆಟ್ಟದ ಬಿದಿರಿಗೆ ಬೇಕಾದದ್ದು ನೆರಳು

ಮೊದಲ ಸಲ ಫಾರ್ಜೇಸಿಯಾ ಅನ್ನೋ ಬೆಟ್ಟದ ಬಿದಿರು ನೆಟ್ಟಾಗ ಚೆನ್ನಾಗಿ ಬಿಸಿಲು ಬೀಳುವ ಜಾಗ ಹುಡುಕಿ ನೆಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಎಲೆಗಳೆಲ್ಲ ಸುರುಳಿ ಸುತ್ತಿಕೊಂಡು ಸೂಜಿಯ ಹಾಗಾದವು. ನೀರು ಸಾಲಲಿಲ್ಲವೇನೋ ಅಂತ ಬುಡ ಕೆದಕಿ ನೋಡಿದರೆ ಮಣ್ಣು ಒದ್ದೆಯಾಗಿಯೇ ಇತ್ತು. ಸಂಜೆ ಬಿಸಿಲು ಇಳಿದ ಮೇಲೆ ಎಲೆ ತಾನಾಗಿ ಬಿಚ್ಚಿಕೊಂಡಿತು.

ಇದರ ತವರು ಚೀನಾದ ಬೆಟ್ಟಗಳು, ಅದೂ ದೊಡ್ಡ ಮರಗಳ ಕೆಳಗೆ, ಮಂಜು ಕವಿಯುವ ತಂಪು ಕಾಡು. ಪಾಂಡಾಗಳು ತಿನ್ನುವುದು ಇಂಥ ಬಿದಿರನ್ನೇ. ಇದರದ್ದೇ ಒಂದು ಜಾತಿ ಫಾರ್ಜೇಸಿಯಾ ಮ್ಯೂರಿಯೆಲಿಯೆ ಮೈನಸ್ 20 ಡಿಗ್ರಿ ಚಳಿಯನ್ನೂ ತಡೆದುಕೊಳ್ಳುತ್ತದೆ, ಆದರೆ ಸೆಕೆಯ ರಾತ್ರಿ ಮತ್ತು ಒಣಗಾಳಿಗೆ ಸೊರಗುತ್ತದೆ. ಹಾಗಾಗಿ ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ ನೆಡಿ. ಉದುರಿದ ಎಲೆಯನ್ನು ದಯವಿಟ್ಟು ಗುಡಿಸಬೇಡಿ, ಬೇರಿಗೆ ಅದೇ ಹೊದಿಕೆ. ಶರತ್ಕಾಲದಲ್ಲಿ ಒಂದಷ್ಟು ಎಲೆ ಹಳದಿಯಾಗಿ ಉದುರುವುದು ಸಹಜ, ರೋಗವಲ್ಲ.

ಗಿಡವನ್ನು ಮರದ ನೆರಳಿಗೆ ಸರಿಸಿದ ಮೇಲೆ ಎರಡನೇ ವಸಂತದಲ್ಲಿ ಬಂದ ಕಳಲೆಗಳು ಹಳೆಯ ಗಳಗಳಿಗಿಂತ ದಪ್ಪಗಿದ್ದವು. ಬಿದಿರು ಹಾಗೇ: ಒಂದು ಗಳ ನೆಲದಿಂದ ಎಷ್ಟು ದಪ್ಪ ಏಳುತ್ತದೋ ಅಷ್ಟೇ, ಆಮೇಲೆ ಹಿಗ್ಗುವುದಿಲ್ಲ, ಒಂದೇ ಹಂಗಾಮಿನಲ್ಲಿ ಪೂರ್ತಿ ಎತ್ತರ ಮುಟ್ಟಿಬಿಡುತ್ತದೆ. ತೋಟವೆಲ್ಲ ಹಬ್ಬೀತು ಅನ್ನೋ ಭಯವೂ ಬೇಡ. ನೆಲದೊಳಗಿನ ಕಾಂಡ ಗಿಡ್ಡ, ಒಂದೇ ಕಡೆ ಮೆಳೆಯಾಗಿ ನಿಲ್ಲುತ್ತದೆ.

ಬೆಟ್ಟದ ಬಿದಿರೆಲ್ಲ ಚಳಿಗೆ ಒಂದೇ ಥರ ಗಟ್ಟಿ ಅಂದುಕೊಳ್ಳಬೇಡಿ. ಹಿಮಾಲಯದ ಹಿಮಾಲಯಕಲಾಮಸ್ ಹುಕೇರಿಯಾನಸ್‌ನ ನೀಲಿ ಛಾಯೆಯ ಎಳೆ ಗಳ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ, ಆದರೆ ಅದು ತಡೆಯುವುದು ಸ್ವಲ್ಪ ಹಿಮವನ್ನು ಮಾತ್ರ. ಆಂಡೀಸ್‌ನ ಚುಸ್ಕಿಯಾ ಕುಲಿಯೋ ಅದಕ್ಕಿಂತ ಗಟ್ಟಿ. ಅದರ ಗಳ ಟೊಳ್ಳಲ್ಲ, ಒಳಗೆಲ್ಲ ತುಂಬಿಕೊಂಡಿರುತ್ತದೆ. ನನಗೆ ತುಂಬಾ ಇಷ್ಟ.

ಇನ್ನು ಹೂವಿನ ವಿಷಯ. ಗಿಡಗಳನ್ನು ಹುಡುಕಿ ತರುತ್ತಿದ್ದ ಇಂಗ್ಲಿಷ್ ಸಸ್ಯ ಸಂಗ್ರಾಹಕ ಅರ್ನೆಸ್ಟ್ ವಿಲ್ಸನ್ 1907ರಲ್ಲಿ ಚೀನಾದ ಹುಬೇ ಪ್ರಾಂತ್ಯದಲ್ಲಿ ಕಂಡ ಬಿದಿರೇ ಈ ಮ್ಯೂರಿಯೆಲಿಯೆ, ಅದಕ್ಕೆ ಅವರ ಮಗಳು ಮ್ಯೂರಿಯಲ್ ಹೆಸರು ಬಂತು. ಆ ಗಿಡವನ್ನೇ ಸೀಳಿ ಸೀಳಿ ಹಂಚಿಕೊಂಡು ಯೂರೋಪಿನ ತೋಟಗಳು ದಶಕಗಟ್ಟಲೆ ಬೆಳೆಸಿದವು. 1990ರ ದಶಕದ ಹೊತ್ತಿಗೆ ಅವೆಲ್ಲ ಹೆಚ್ಚುಕಮ್ಮಿ ಒಟ್ಟೊಟ್ಟಿಗೆ ಹೂಬಿಟ್ಟು ಸತ್ತವು. ಈಗ ಸಿಗುವ ಹೆಚ್ಚಿನ ಗಿಡಗಳು ಆ ಹೂವಿನ ಬೀಜದಿಂದ ಹುಟ್ಟಿದ ಹೊಸ ಪೀಳಿಗೆ. ಕೊಳ್ಳುವಾಗ ಬೀಜದಿಂದ ಬಂದ ಗಿಡವೇ, ಯಾವ ಸಲ ಹೂಬಿಟ್ಟಾಗಿನ ಬೀಜದ್ದು ಅಂತ ಕೇಳಿಯೇ ತನ್ನಿ.