ಎಂಜಿನ್ ಆಫ್ ಆಗದ ಹೈಬ್ರಿಡ್ ಬಸ್ಸು

2015 ನವೆಂಬರ್ 18, ಬುಧವಾರ

ರಾತ್ರಿ ಪಾಳಿ ಮುಗಿಸಿ ಬಂದಿದ್ದೇನೆ, ನಿದ್ದೆ ಬರುತ್ತಿಲ್ಲ, ಬರೆದುಬಿಡೋಣ ಅಂತ ಕೂತೆ. ಊರಿನ ಹೆಸರು, ಕಂಪನಿ ಹೆಸರು, ಬಸ್ ಯಾರು ಮಾಡಿದ್ದು, ಇದ್ಯಾವುದನ್ನೂ ಹೇಳುವುದಿಲ್ಲ. ಇಂಗ್ಲೆಂಡಿನ ಉತ್ತರದ ಕಡೆಯ ಒಂದು ಡಿಪೋ, ನಾನು ಅಲ್ಲಿ ಎಲೆಕ್ಟ್ರಿಷಿಯನ್. ಅಷ್ಟು ಸಾಕು. ಕೆಲಸ ಉಳಿಯಬೇಕಲ್ವಾ.

ಹೊಸ ಹೈಬ್ರಿಡ್ ಡಬಲ್ ಡೆಕ್ಕರ್‌ಗಳು ಬೇಸಿಗೆಯಲ್ಲಿ ಬಂದವು. ಬಂದ ಹೊಸದರಲ್ಲಿ ಡ್ರೈವರುಗಳು ದೂರಿನ ಕಾರ್ಡಿನಲ್ಲಿ ಬರೆಯುತ್ತಿದ್ದದ್ದು ಒಂದೇ ಮಾತು: ಸ್ಟಾಪಿನಲ್ಲಿ ನಿಲ್ಲಿಸಿದರೆ ಎಂಜಿನ್ ಬಂದ್ ಆಗುತ್ತದೆ. ಅಯ್ಯೋ ಮಾರಾಯ, ಬಂದ್ ಆಗಬೇಕು ಅಂತಲೇ ಅದನ್ನು ಹಾಗೆ ಮಾಡಿರುವುದು! ಈ ಬಸ್ಸಿನಲ್ಲಿ ಎಂಜಿನ್ನಿಗೂ ಚಕ್ರಕ್ಕೂ ನೇರ ಸಂಬಂಧವೇ ಇಲ್ಲ. ಡೀಸೆಲ್ ಎಂಜಿನ್ ಜನರೇಟರ್ ತಿರುಗಿಸುತ್ತದೆ, ಕರೆಂಟು ಬ್ಯಾಟರಿಗೂ ಮೋಟರಿಗೂ ಹೋಗುತ್ತದೆ, ಚಕ್ರ ತಿರುಗಿಸುವುದು ಮೋಟರು. ಗೇರ್‌ಬಾಕ್ಸ್ ಇಲ್ಲ. ಬ್ರೇಕ್ ಒತ್ತಿದಾಗ ಅದೇ ಮೋಟರು ಜನರೇಟರ್ ಆಗಿ ಬ್ಯಾಟರಿ ತುಂಬಿಸುತ್ತದೆ. ಬಸ್ ನಿಂತಿದ್ದಾಗ ಬ್ಯಾಟರಿಯಲ್ಲಿ ಸಾಕಷ್ಟು ಚಾರ್ಜ್ ಇದ್ದರೆ ಎಂಜಿನ್ ಸುಮ್ನೆ ಓಡುವುದೇಕೆ? ಡೀಸೆಲ್ ಉಳಿಯುವುದು ಮುಖ್ಯವಾಗಿ ಈ ಎರಡು ಕಡೆ, ನಿಂತಾಗ ಮತ್ತು ಬ್ರೇಕ್ ಒತ್ತಿದಾಗ.

ಈ ವಾರ ಬಂದ ಕಾರ್ಡು ಇದಕ್ಕೆ ಉಲ್ಟಾ. ಒಂದು ಬಸ್ಸಿನ ಎಂಜಿನ್ ಆಫ್ ಆಗುವುದೇ ಇಲ್ಲ. ಆಫ್ ಆದರೂ ಜನ ಹತ್ತಿ ಮುಗಿಯುವುದರೊಳಗೆ ಮತ್ತೆ ಸ್ಟಾರ್ಟ್. ಡೀಸೆಲ್ ಲೆಕ್ಕ ನೋಡಿದರೆ ಪಕ್ಕದಲ್ಲಿ ನಿಲ್ಲುವ ಹಳೆ ಬಸ್ಸಿನಷ್ಟೇ ಕುಡಿದಿದೆ. ಬಸ್ ಮಾಡಿದವರ ಕಡೆಯಿಂದ ಒಬ್ಬ ಲ್ಯಾಪ್‌ಟಾಪ್ ಹಿಡಿದು ಬಂದ. ಬ್ಯಾಟರಿಯ ಸೆಲ್ಲುಗಳನ್ನೆಲ್ಲ ನೋಡಿದ, ಸಾಫ್ಟ್‌ವೇರ್ ಹೊಸದು ಹಾಕಿದ, ಎಲ್ಲ ಸರಿ ಇದೆ ಅಂದ, ಹೋದ. ಅವನ ಹಿಂದೆಯೇ ಬಸ್ಸೂ ಹೊರಗೆ ಹೋಯಿತು, ಸಂಜೆ ಅದೇ ಕಾರ್ಡು ಹಿಡಿದು ವಾಪಸ್ ಬಂತು.

ಹುಬ್ಬಳ್ಳಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನು ಹೇಳಿದೆ. ಅಪ್ಪ ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ನನ್ನ ಕಷ್ಟಕ್ಕಿಂತ ಅವರಿಗೆ ಬಸ್ಸಿನ ಕಥೆಯೇ ರುಚಿ. "ಬೆಲ್ಟ್ ನೋಡ್ದೇನ?" ಅಂದರು. ನೋಡಿದ್ದೆ, ಬೆಲ್ಟ್ ಚೆನ್ನಾಗಿಯೇ ಇದೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಪಾ, ಎಂಜಿನ್ ಬಂದ್ ಆತಂದ್ರ ಬ್ರೇಕಿಗೆ ಗಾಳಿ ಎಲ್ಲಿಂದ ಬರ್ತೈತಿ?" ಅಂತ ಕೇಳಿದರು. ಅವರು ಕೇಳಿದ್ದು ಭಯಕ್ಕೆ, ಬ್ರೇಕ್ ಹಿಡಿಯದೇ ಹೋದರೆ ಅಂತ. ಭಯಪಡಬೇಕಾದ್ದೇನಿಲ್ಲ, ಟ್ಯಾಂಕಿನಲ್ಲಿ ಗಾಳಿ ತುಂಬಿಟ್ಟಿರುತ್ತದೆ, ಒತ್ತಡ ಒಂದು ಮಟ್ಟಕ್ಕಿಂತ ಇಳಿದರೆ ಕಂಪ್ಯೂಟರೇ ಎಂಜಿನ್ ಸ್ಟಾರ್ಟ್ ಮಾಡುತ್ತದೆ ಅಂತ ವಿವರಿಸಿದೆ. ಕೆಲವು ಹೈಬ್ರಿಡ್‌ಗಳಲ್ಲಿ ಗಾಳಿಯ ಕಂಪ್ರೆಸರ್ ಕರೆಂಟಿನಲ್ಲೇ ನಡೆಯುತ್ತದೆ. ನಮ್ಮದರಲ್ಲಿ ಅದು ಇನ್ನೂ ಎಂಜಿನ್ನಿಗೇ ಅಂಟಿಕೊಂಡಿದೆ.

ಅಷ್ಟು ವಿವರಿಸುವಾಗಲೇ ಮೀಟರು ಎಲ್ಲಿ ಹಚ್ಚಬೇಕು ಅಂತ ಗೊತ್ತಾಗಿಹೋಯಿತು.

ನಿನ್ನೆ ರಾತ್ರಿ ಬಸ್ಸನ್ನು ಪಿಟ್ ಮೇಲೆ ತಂದು, ಗಾಳಿ ಪೂರ್ತಿ ತುಂಬಿಸಿ, ಎಂಜಿನ್ ಆಫ್ ಮಾಡಿ ಗೇಜ್ ನೋಡುತ್ತಾ ಕೂತೆವು. ಬಾಗಿಲು ಮುಚ್ಚಿದ್ದಾಗ ಮುಳ್ಳು ಅಲುಗಲಿಲ್ಲ. ಬಾಗಿಲು ತೆರೆದ ತಕ್ಷಣ ನಿಧಾನಕ್ಕೆ ಇಳಿಯತೊಡಗಿತು. ಸೋಪು ನೀರು ಹಾಕಿದರೆ ಬಾಗಿಲಿನ ಮೇಲಿರುವ ವಾಲ್ವಿನಿಂದ ಗುಳ್ಳೆ! ಈ ಬಸ್ಸುಗಳಲ್ಲಿ ಗಾಳಿಗೆ ಕೆಲಸ ಜಾಸ್ತಿ. ಸ್ಟಾಪಿನಲ್ಲಿ ಬಾಗಿಲು ತೆರೆಯುವುದಕ್ಕೆ ಗಾಳಿ, ಅಜ್ಜಿಯಂದಿರಿಗೂ ಮಗುವಿನ ಗಾಡಿ ತಳ್ಳಿಕೊಂಡು ಬರುವವರಿಗೂ ಅಂತ ಬಸ್ಸಿನ ಮುಂಭಾಗ ಕೆಳಗೆ ಬಗ್ಗುತ್ತದಲ್ಲ, ಅದನ್ನು ಮತ್ತೆ ಮೇಲೆತ್ತುವುದಕ್ಕೆ ಗಾಳಿ, ಬ್ರೇಕಿಗೂ ಗಾಳಿ. ಇದರ ಮೇಲೆ ಈ ಸೋರಿಕೆ. ಗಾಳಿ ಇಳಿಯಿತು ಅಂತ ಕಂಪ್ಯೂಟರು ಎಂಜಿನ್ ಎಬ್ಬಿಸುತ್ತದೆ, ಅದು ಅದರ ಕೆಲಸ. ಹಳೆ ಡೀಸೆಲ್ ಬಸ್ಸಿನಲ್ಲಿ ಇದೇ ವಾಲ್ವ್ ವರ್ಷಗಟ್ಟಲೆ ಸೋರಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಲ್ಲಿ ಎಂಜಿನ್ ಹೇಗೂ ಗುರುಗುಡುತ್ತಲೇ ಇರುತ್ತದೆ, ಕಂಪ್ರೆಸರ್ ತುಂಬಿಸುತ್ತಲೇ ಇರುತ್ತದೆ.

ನನಗೆ ಈ ಬಸ್ಸುಗಳ ಬಗ್ಗೆ ಇಷ್ಟು ದಿನದಿಂದ ಅನ್ನಿಸುತ್ತಿರುವುದೂ ಇದೇ. ಎಲ್ಲರೂ ಬ್ಯಾಟರಿಯನ್ನೇ ಬೈಯುತ್ತಾರೆ. ನಮ್ಮಲ್ಲಿ ಇಲ್ಲಿತನಕ ಬಸ್ ನಿಂತದ್ದು ಹೆಚ್ಚಾಗಿ ಹಳೆ ಬಸ್ಸಿನಲ್ಲೂ ಇರುವ ಮಾಮೂಲಿ ಸಾಮಾನುಗಳಿಂದ. ಹೋದ ತಿಂಗಳು ಒಂದು ಬಸ್ಸು ಬೆಳಿಗ್ಗೆ ಜಪ್ಪಯ್ಯ ಅಂದರೂ ಏಳಲಿಲ್ಲ. ದೊಡ್ಡ ಬ್ಯಾಟರಿ ತುಂಬಿತ್ತು, ಆದರೆ ಅದನ್ನು ಮೋಟರಿಗೆ ಸೇರಿಸುವ ಕಾಂಟ್ಯಾಕ್ಟರ್, ಅಂದರೆ ದೊಡ್ಡ ಸ್ವಿಚ್ಚನ್ನು, ಎಳೆಯಬೇಕಾದ್ದು ಸಾಮಾನ್ಯ 24 ವೋಲ್ಟಿನ ಬ್ಯಾಟರಿ. ರಾತ್ರಿ ಯಾರೋ ಒಳಗಿನ ಲೈಟು ಹಾಗೇ ಬಿಟ್ಟಿದ್ದರು. ನೂರಾರು ವೋಲ್ಟು ಮೇಲೆ ಕೂತಿದೆ, ಕೆಳಗೆ 24 ಇಲ್ಲ ಅಂತ ಬಸ್ಸೇ ಕದಲುವುದಿಲ್ಲ. ಅರಮನೆಯ ಬೀಗದ ಕೈ ಕಾವಲುಗಾರನ ಜೇಬಿನಲ್ಲಿ ಇದ್ದಂತೆ.

ಆ ನೂರಾರು ವೋಲ್ಟಿನ ಬಗ್ಗೆ ಮಾತ್ರ ತಮಾಷೆ ಇಲ್ಲ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಿಂದೆ. ಮೊದಲು ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಪ್ಲಗ್ ಕಿತ್ತು, ಬೀಗ ಹಾಕಿ, ಕೀ ಜೇಬಿಗೆ. ಪ್ಲಗ್ ಕಿತ್ತ ಮೇಲೂ ಇನ್ವರ್ಟರ್ ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ, ಅದಕ್ಕೆ ಕಾಯಬೇಕು, ಆಮೇಲೆ ಮೀಟರಿನಲ್ಲಿ ಸೊನ್ನೆ ನೋಡಬೇಕು, ರಬ್ಬರ್ ಗ್ಲೌಸ್ ಹಾಕಿಕೊಂಡೇ. ಪಕ್ಕದಲ್ಲಿ ಇನ್ನೊಬ್ಬ ಇರಲೇಬೇಕು, ನನಗೇನಾದರೂ ಆದರೆ ಎಳೆದು ಬಿಡಿಸುವುದಕ್ಕೆ. ಹಳೆ ಮೆಕ್ಯಾನಿಕ್‌ಗಳು ಇದನ್ನೆಲ್ಲ ನೋಡಿ ಮೂಗು ಮುರಿಯುತ್ತಾರೆ, ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಅಂತ. ಮುರಿಯಲಿ ಬಿಡಿ.

ಚಳಿ ಶುರುವಾದ ಮೇಲೆ ಇನ್ನೊಂದು ಸೇರಿದೆ. ಮಳೆ, ಜೊತೆಗೆ ರಸ್ತೆಗೆ ಹಾಕುವ ಉಪ್ಪು. ಉಪ್ಪುನೀರು ಕನೆಕ್ಟರ್ ಒಳಗೆ ಇಷ್ಟೇ ಇಷ್ಟು ಇಳಿದರೂ ಬಸ್ಸಿನ ಬಾಡಿಯೊಳಕ್ಕೆ ಕರೆಂಟು ಸೋರುತ್ತಿದೆ ಅಂತ ಕಂಪ್ಯೂಟರು ಎಚ್ಚರಿಸುತ್ತದೆ. ಒಣಗಿಸಿದರೆ ತಪ್ಪು ಮಾಯ, ಮತ್ತೆ ಮಳೆ ಬಂದರೆ ಮತ್ತೆ ಹಾಜರ್. ಎಂಜಿನ್ ಜಾಸ್ತಿ ಹೊತ್ತು ಆಫ್ ಇರುವುದರಿಂದ ಎಂಜಿನ್ನಿನ ನೀರು ಬಿಸಿಯಾಗಿ ಉಳಿಯುವುದಿಲ್ಲ, ಹೀಟರಿನಿಂದ ತಣ್ಣನೆ ಗಾಳಿ ಬರುತ್ತದೆ ಅಂತ ಜನರ ದೂರು. ಹೊಗೆಯ ಫಿಲ್ಟರಿಗೂ ಅದೇ ಗತಿ. ಒಳಗೆ ಕೂತ ಮಸಿ ಸುಟ್ಟು ಹೋಗಬೇಕಾದರೆ ಸೈಲೆನ್ಸರ್ ಚೆನ್ನಾಗಿ ಬಿಸಿಯಾಗಬೇಕು. ಅರ್ಧ ಹೊತ್ತು ಮಲಗಿರುವ ಎಂಜಿನ್ ಅಷ್ಟು ಬಿಸಿಯಾಗುವುದಿಲ್ಲ. ಹೊಗೆ ಕಡಿಮೆ ಮಾಡಲು ಬಂದ ಬಸ್ಸಿನ ಹೊಗೆ ಫಿಲ್ಟರೇ ಕಟ್ಟಿಕೊಳ್ಳುತ್ತದೆ.

ಲಂಡನ್ನಿನವರದು ಇನ್ನೂ ದೊಡ್ಡ ಕಥೆ. ಅಲ್ಲಿ 2006ರಲ್ಲೇ 360ನೇ ನಂಬರಿನ ರೂಟಿಗೆ ಹೈಬ್ರಿಡ್ ಬಿಟ್ಟಿದ್ದರು. 2012ರ ಫೆಬ್ರವರಿ 27ಕ್ಕೆ 38ನೇ ನಂಬರಿನಲ್ಲಿ ಹೊಸ ರೂಟ್‌ಮಾಸ್ಟರ್ ಅನ್ನುವ ಹೈಬ್ರಿಡ್ ಡಬಲ್ ಡೆಕ್ಕರ್ ಶುರುವಾಯಿತು. ಮೂರು ಬಾಗಿಲು, ಎರಡು ಮೆಟ್ಟಿಲು, 4.5 ಲೀಟರಿನ ಸಣ್ಣ ಎಂಜಿನ್. ಆಗಿನ ಮೇಯರ್ ಬೋರಿಸ್ ಜಾನ್ಸನ್ ಅವರ ಹೆಮ್ಮೆಯ ಬಸ್ಸು. ನೋಡಲು ನಿಜಕ್ಕೂ ಚೆಂದ. ಆದರೆ ಕಿಟಕಿ ತೆರೆಯುವ ಹಾಗಿರಲಿಲ್ಲ! ಬೇಸಿಗೆಯಲ್ಲಿ ಮೇಲಿನ ಅಂತಸ್ತು ಒಲೆಯಾಯಿತು ಅಂತ ಜನ ಕೂಗಾಡಿ ಕೂಗಾಡಿ, ಈ ವರ್ಷ, 2015ರಲ್ಲಿ, ತೆರೆಯುವ ಕಿಟಕಿ ಹಾಕಿಸುತ್ತೇವೆ ಅಂತ ಒಪ್ಪಿಕೊಂಡರು. ಬ್ಯಾಟರಿ ಕೆಟ್ಟು ಕೆಲವು ಬಸ್ಸುಗಳು ಬರೀ ಡೀಸೆಲ್ಲಿನಲ್ಲೇ ಓಡಿದ್ದೂ ಇದೇ ವರ್ಷ ಸುದ್ದಿಯಾಯಿತು. ಹಾಗೆ ಓಡಿದರೆ ಲಾಭ ಬಿಡಿ, ಕೆಟ್ಟ ಬ್ಯಾಟರಿಯ ಭಾರವನ್ನೂ ಸಣ್ಣ ಎಂಜಿನ್ನೇ ಎಳೆಯಬೇಕು. ಅಲ್ಲಿ ತಪ್ಪು ಬ್ಯಾಟರಿಯದ್ದೇ ಅನ್ನಿ, ಒಪ್ಪುತ್ತೇನೆ. ಆದರೆ ಕಿಟಕಿ? ಅದು ಯಾವ ಹೊಸ ತಂತ್ರಜ್ಞಾನ?

ಹಾಗಂತ ಹೈಬ್ರಿಡ್ ಬೇಡ ಅನ್ನುವವನಲ್ಲ ನಾನು. ಸರಿ ಇರುವ ದಿನ ಈ ಬಸ್ಸು ಸ್ಟಾಪಿನಿಂದ ಹೊರಡುವುದನ್ನು ನೋಡಬೇಕು, ಗೇರಿನ ಜರ್ಕ್ ಇಲ್ಲ, ಸದ್ದಿಲ್ಲ, ಬ್ರೇಕ್ ಲೈನರ್ ಕೂಡ ಹಳೆ ಬಸ್ಸಿಗಿಂತ ಬಹಳ ನಿಧಾನಕ್ಕೆ ಸವೆಯುತ್ತಿದೆ. ನನ್ನ ತಕರಾರು ಲ್ಯಾಪ್‌ಟಾಪಿನವರ ಮೇಲೆ. ಅವರ ಸ್ಕ್ರೀನಿನಲ್ಲಿ ಗಾಳಿಯ ಒತ್ತಡವೂ ಕಾಣಿಸುತ್ತದೆ, ಎಂಜಿನ್ ಯಾಕೆ ಎದ್ದಿತು ಅನ್ನುವ ಕಾರಣವೂ ಇರುತ್ತದೆ, ಒಂದು ಪುಟ ಕೆಳಗೆ ಹೋಗಬೇಕು ಅಷ್ಟೇ. ಬ್ಯಾಟರಿಯ ಪುಟ ಬಿಟ್ಟು ಅವರು ಅಲುಗುವುದಿಲ್ಲ.

ಹೊಸ ವಾಲ್ವ್ ಸ್ಟೋರಿನಲ್ಲಿ ಇಲ್ಲ, ಶುಕ್ರವಾರ ಬರುತ್ತದಂತೆ. ಅಲ್ಲಿಯವರೆಗೆ ರಿಪೇರಿಗೆ ನಿಂತಿರುವ ಇನ್ನೊಂದು ಬಸ್ಸಿನದು ಬಿಚ್ಚಿ ಇದಕ್ಕೆ ಹಾಕಿದ್ದೇವೆ. ಅಪ್ಪನಿಗೆ ಮೆಸೇಜ್ ಮಾಡಿದೆ. ಉತ್ತರ ಬಂತು: "ಹಳೇ ವಾಲ್ವ್ ಒಗೀಬ್ಯಾಡ, ಬಿಚ್ಚಿ ಫೋಟೋ ಕಳಸು, ರಬ್ಬರ್ ಅಷ್ಟ ಹೋಗಿದ್ರ ಕಿಟ್ ಹಾಕಿ ನಡಸಬೋದು." ಫೋರ್‌ಮನ್ ಕಂಪನಿ ವಾರಂಟಿಯ ಮಾಲನ್ನು ಬಿಚ್ಚಲು ಬಿಡುವುದಿಲ್ಲ ಅಂತ ಅವರಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೇನೆ.